ಒಂದು ಸಾಲಿನ ಚೀಟಿ

ಸೋಮವಾರ ಬೆಳಿಗ್ಗೆ 9:40ಕ್ಕೆ ಲಾಂಡ್ರಿಯವನು ಠಾಣೆಯ ಮೆಟ್ಟಿಲು ಹತ್ತಿದ. ಅಂಗಿಯ ತೋಳಿಗೆ ರಕ್ತ ಮೆತ್ತಿತ್ತು. ಕೈಯಲ್ಲಿ ಹೆಂಡತಿಯ ಒಂದು ಚಪ್ಪಲಿ ಇತ್ತು. ಇನ್ನೊಂದು ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಹೆಡ್ ಕಾನ್‌ಸ್ಟೆಬಲ್ ಅವನಿಗೆ ನೀರು ಕೊಟ್ಟು, ಗೋಡೆ ನೋಡಿ ಸಮಯ ಬರೆದುಕೊಂಡ. ಈ ಮನುಷ್ಯನಿಗೆ ಠಾಣೆಯಲ್ಲಿ ‘ಗಡಿಯಾರ’ ಎಂದೇ ಹೆಸರು. ತನ್ನ ಮಗು ಹುಟ್ಟಿತು ಎಂದಾಗ ಹೆಣ್ಣೋ ಗಂಡೋ ಎಂದು ಕೇಳುವ ಮೊದಲು ಎಷ್ಟು ಗಂಟೆಗೆ ಎಂದು ಕೇಳಿದ ಪುಣ್ಯಾತ್ಮ ಎಂದು ಪೇದೆಗಳು ಇಂದಿಗೂ ಆಡಿಕೊಳ್ಳುತ್ತಾರೆ. ಅವನ ಡೈರಿ ಮಾತ್ರ ಯಾವ ನ್ಯಾಯಾಲಯದಲ್ಲೂ ಸೋತಿಲ್ಲ.

ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡು ಎದುರು ಕೂತರು. ಹದಿನಾಲ್ಕು ವರ್ಷದ ಸರ್ವಿಸಿನಲ್ಲಿ ಅವರು ಕಲಿತದ್ದು, ನಿಂತು ಕೇಳಿದರೆ ತಮ್ಮಂಥ ಹೆಂಗಸಿಗೂ ಜನ ಹೆದರಿ ಅರ್ಧ ಹೇಳುತ್ತಾರೆ ಎಂಬುದು.

“ಏನಾಯ್ತು? ಮೊದಲಿಂದ ಹೇಳಿ.”

“ಇಸ್ತ್ರಿ ಬಟ್ಟೆ ಕೊಟ್ಟು ಬರ್ತೀನಿ ಅಂತ ಹೋದ್ಲು ಮೇಡಂ. ಪಕ್ಕದ್ದೇ ಬಿಲ್ಡಿಂಗು. ಲಿಫ್ಟ್ ಬಾಗಿಲು ತೆಗೀತು, ಒಂದು ಕಾಲು ಒಳಗಿಟ್ಟಿದ್ದಾಳೆ. ಬಾಗಿಲು ತೆಗೆದಿದ್ದ ಹಾಗೇ ಲಿಫ್ಟು ಮೇಲಕ್ಕೆ ಎದ್ದುಬಿಡ್ತು.”

“ಎಷ್ಟು ಗಂಟೆಗೆ?” ಗಡಿಯಾರ ಕೇಳಿದ.

“ಎಂಟೂ ಕಾಲು.”

“ಈಗ ಹೇಗಿದ್ದಾರೆ?”

“ಆಪರೇಷನ್ ಮಾಡ್ತಾ ಇದ್ದಾರೆ. ಕಾಲು ಉಳಿಯುತ್ತೋ ಇಲ್ವೋ ಸಂಜೆವರೆಗೂ ಹೇಳಕ್ಕಾಗಲ್ಲ ಅಂದ್ರು.” ಅವನು ಚಪ್ಪಲಿಯನ್ನು ಮೇಜಿನ ಮೇಲೆ ಇಡಲು ಹೋಗಿ, ಅದು ಠಾಣೆಯ ಮೇಜು ಎಂದು ನೆನಪಾಗಿ, ಮತ್ತೆ ಮಡಿಲಿಗೆ ಎಳೆದುಕೊಂಡ.

10:05ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ ಎಂಬ ಕಡೆ ‘ಅಪರಿಚಿತ’ ಎಂದು ಬರೆದರು. ಲಿಫ್ಟನ್ನೇ ಆರೋಪಿ ಮಾಡುವ ಹಾಗಿದ್ದರೆ ಕೇಸು ಅಲ್ಲಿಗೇ ಮುಗಿಯುತ್ತಿತ್ತು.

10:50ಕ್ಕೆ ಸ್ಥಳದಲ್ಲಿ ಪಂಚನಾಮೆ. ಇಬ್ಬರು ಪಂಚರು, ಒಬ್ಬ ವಾಚ್‌ಮನ್, ಒಬ್ಬ ಲಿಫ್ಟ್ ಮೆಕ್ಯಾನಿಕ್. ನೆಲಮಹಡಿಯಲ್ಲಿ ಬಿಳಿ ಬೆಡ್‌ಶೀಟ್‌ಗಳು ಇಸ್ತ್ರಿಯ ಮಡಿಕೆ ಕೆಡದೆ ಚದುರಿ ಬಿದ್ದಿದ್ದವು.

“ಬಾಗಿಲು ಮುಚ್ಚದೆ ಲಿಫ್ಟ್ ಹೇಗೆ ಕದಲುತ್ತೆ?” ಇನ್ಸ್‌ಪೆಕ್ಟರ್ ಮೆಕ್ಯಾನಿಕನನ್ನು ಕೇಳಿದರು.

“ಕದಲಬಾರದು ಮೇಡಂ. ಹಳೇ ಕಾಲದಲ್ಲಿ ಅದಕ್ಕೇ ಅಂತ ಬೇರೆ ತಂತಿ ಇರ್ತಿತ್ತು. ಈ ಹೊಸದರಲ್ಲಿ ಎಲ್ಲ ಈ ಬೋರ್ಡಿಂದೇ ಕಾರುಬಾರು. ಬಾಗಿಲು ನೋಡು ಅಂತ ಅದರ ಪ್ರೋಗ್ರಾಮಲ್ಲಿ ಇದ್ರೆ ನೋಡುತ್ತೆ. ಇಲ್ಲದಿದ್ರೆ ಇಲ್ಲ.”

ಮೆಕ್ಯಾನಿಕ್ ಲಿಫ್ಟಿನ ತಗಡಿನ ಪೆಟ್ಟಿಗೆಯಿಂದ ಅಂಗೈ ಅಗಲದ ಹಸಿರು ಬೋರ್ಡ್ ಬಿಚ್ಚಿಕೊಟ್ಟ. ಗಡಿಯಾರ ಜಪ್ತಿಯ ಪಟ್ಟಿ ಬರೆದ: ಒಂದು, ಬೋರ್ಡ್. ಎರಡು, ಸ್ಕ್ರೂ ನಾಲ್ಕು. ಮೂರು, ಎಡಗಾಲಿನ ಚಪ್ಪಲಿ. ನಾಲ್ಕು, ಪೆಟ್ಟಿಗೆಯ ಒಳಗೆ ಅಂಟಿಸಿದ್ದ ಮಡಚಿದ ಕಾಗದ. ಕಾಗದದ ತುಂಬ ಇಂಗ್ಲಿಷ್ ಅಕ್ಷರ, ಅಂಕಿ. ಪ್ಯಾಕಿಂಗಿನ ಕಸ ಎಂದುಕೊಂಡು ಇನ್ಸ್‌ಪೆಕ್ಟರ್ ಲಕೋಟೆಗೆ ಹಾಕಿಸಿದರು.

ಜೀಪಿಗೆ ಬಂದವರೇ ತಂಗಿಗೆ ಫೋನ್ ಮಾಡಿದರು. “ನಿಮ್ಮ ಬಿಲ್ಡಿಂಗ್ ಲಿಫ್ಟು ಯಾವ ಕಂಪನಿದು?”

“ನನಗೇನು ಗೊತ್ತು? ಯಾಕಕ್ಕಾ?”

“ಏನಿಲ್ಲ. ಎರಡು ದಿನ ಮೆಟ್ಟಿಲಲ್ಲಿ ಓಡಾಡು.”

“ಎಂಟು ತಿಂಗಳ ಬಸುರಿ ಏಳನೇ ಮಹಡಿಗೆ ಮೆಟ್ಟಿಲು ಹತ್ತಬೇಕಾ? ನಿನಗೆ ತಲೆ ನೆಟ್ಟಗಿದೆಯಾ?”

“ಹಾಗಾದ್ರೆ ಹೊರಗೇ ಬರಬೇಡ” ಎಂದು ಇನ್ಸ್‌ಪೆಕ್ಟರ್ ಫೋನ್ ಇಟ್ಟರು. ಬೋರ್ಡ್ ಕೆಟ್ಟಿದ್ದರೆ ಚಿಂತೆಯಿಲ್ಲ, ಒಂದು ಕೆಡುತ್ತದೆ. ಕೆಡದೇ ಹೀಗೆ ಮಾಡಿದ್ದರೆ ಅದರಂಥವು ಇನ್ನೆಷ್ಟು ಎಂಬ ಪ್ರಶ್ನೆ ಅವರನ್ನು ರಾತ್ರಿಯಿಡೀ ಮಲಗಗೊಡಲಿಲ್ಲ.

ಮಂಗಳವಾರ ಮಧ್ಯಾಹ್ನ 2:10. ಬೋರ್ಡ್ ತಯಾರಾಗುವ ಕಾರ್ಖಾನೆ ಎಂದರೆ ಒಂದು ಉದ್ದನೆಯ ಹಾಲು, ಎಂಟು ಮೇಜು. ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್. ಪ್ರತಿ ಬೋರ್ಡಿನ ಪ್ರೋಗ್ರಾಮು ಅದರಲ್ಲೇ ತಯಾರಾಗಬೇಕು. ಯಜಮಾನ ಬೆವರು ಒರೆಸಿಕೊಳ್ಳುತ್ತ ಬಂದ. ಅವನ ಹಿಂದೆ ಬಂದವರು ಐವತ್ತೈದರ ಆಸುಪಾಸಿನ ತೆಳ್ಳನೆಯ ವ್ಯಕ್ತಿ. ಹಾಲಿನಲ್ಲಿ ಎಲ್ಲರಿಗೂ ಕೆಲಸ ಕಲಿಸಿದವರಾದ್ದರಿಂದ ಯಜಮಾನನೂ ಅವರನ್ನು ‘ಮೇಷ್ಟ್ರು’ ಎಂದೇ ಕರೆಯುತ್ತಿದ್ದ.

ಜಪ್ತಿಯಾದ ಬೋರ್ಡನ್ನು ಮೇಷ್ಟ್ರು ಮೇಜಿಗೆ ಜೋಡಿಸಿದರು. ಪರದೆಯ ಮೇಲೆ ಸಾಲು ಮೂಡಿತು. ಮೇಷ್ಟ್ರು ಅದನ್ನು ಓದಲಿಲ್ಲ. ಯಜಮಾನನೇ ಬಗ್ಗಿ ಓದಿದ: “ಡೋರ್‌ಚೆಕ್ ಆಫ್.” ಅವನು ಇನ್ಸ್‌ಪೆಕ್ಟರ ಕಡೆ ತಿರುಗಿದ. “ಬಾಗಿಲು ನೋಡೋದೇ ಬೇಡ ಅಂತ ಇದೆ ಮೇಡಂ.”

“ಹಾಗೆ ಇರಬಹುದಾ?”

“ಪರೀಕ್ಷೆಗೆ ಮಾತ್ರ” ಎಂದರು ಮೇಷ್ಟ್ರು. “ಮೇಜಿನ ಮೇಲೆ ಬಾಗಿಲು ಎಲ್ಲಿಂದ ಬರಬೇಕು? ಬಾಗಿಲು ಇಲ್ಲ ಅಂತ ಪ್ರೋಗ್ರಾಮು ಹಟ ಹಿಡಿಯುತ್ತೆ. ಅದಕ್ಕೆ ಒಂದು ಚೀಟಿ ಕೊಡ್ತೀವಿ, ಡೋರ್‌ಚೆಕ್ ಆಫ್ ಅಂತ. ಪುಸ್ತಕದಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್ ಅಂತಾರೆ, ನಾವು ಚೀಟಿ ಅಂತೀವಿ. ಕಂಪ್ಯೂಟರಿಗೆ ನಾವು ಕೊಡೋ ಆಜ್ಞೆಗಳೆಲ್ಲ ಒಂದರ ಕೆಳಗೊಂದು ಒಂದು ಪಟ್ಟಿಯಲ್ಲಿರುತ್ತೆ, ಬಿಲ್ಡ್ ಸ್ಕ್ರಿಪ್ಟ್. ಚೀಟಿನ ಪರೀಕ್ಷೆಯ ಆಜ್ಞೆಯ ಮುಂದೆ, ಅದೇ ಸಾಲಲ್ಲಿ ಬರೀಬೇಕು. ಆ ಆಜ್ಞೆ ಮುಗೀತು, ಚೀಟಿನೂ ಮುಗೀತು. ಕೆಳಗಿನ ಸಾಲಿಗೆ ಅದರ ವಾಸನೆಯೂ ಇರಲ್ಲ.”

“ಬಂದೋಬಸ್ತಿಗೆ ಒಂದು ದಿನದ ಪಾಸು ಕೊಟ್ಟ ಹಾಗೆ” ಎಂದ ಗಡಿಯಾರ. “ಸಂಜೆಗೆ ರದ್ದು.”

“ಹಾಗೇ.”

“ಬೇರೆ ಸಾಲಲ್ಲಿ ಬರೆದರೆ?” ಇನ್ಸ್‌ಪೆಕ್ಟರ್ ಕೇಳಿದರು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ನಮ್ಮಲ್ಲಿ ಯಾರೂ ಹಾಗೆ ಬರೆಯಲ್ಲ.”

ಅವರು ಪಟ್ಟಿಯನ್ನು ತೆರೆದು ತೋರಿಸಿದರು. ಚೀಟಿ ಎರಡು ಪರೀಕ್ಷೆಗಳ ಮುಂದೆ ಎರಡು ಸಲ, ಅದದೇ ಸಾಲಿನಲ್ಲಿ ನೀಟಾಗಿ ಇತ್ತು. ಕಪಾಟಿನಿಂದ ಬೇರೆ ಬೋರ್ಡ್ ತಂದು ಜೋಡಿಸಿದರೆ ಅದು ಬಾಗಿಲನ್ನು ಕೇಳಿತು. ಪಟ್ಟಿ ಸರಿ, ಈಗಿನ ಬೋರ್ಡ್ ಸರಿ, ಲಿಫ್ಟಿನಲ್ಲಿದ್ದದ್ದು ಮಾತ್ರ ತಪ್ಪು.

“ಈ ಪಟ್ಟಿ ತಿದ್ದೋರು ಯಾರು?”

“ನಾನೊಬ್ಬನೇ.”

“ಮೊದಲು ಆ ಹುಡುಗಿನೂ ಇದ್ದಳಲ್ಲ” ಎಂದು ಯಜಮಾನ ನಡುವೆ ಬಾಯಿ ಹಾಕಿದ. “ಎರಡು ವರ್ಷದ ಹಿಂದೆ ಚೀಟಿ ವಿಷಯದಲ್ಲೇ ತಪ್ಪು ಮಾಡಿದ್ದಳು. ಮೇಷ್ಟ್ರೇ ಕೆಲಸದಿಂದ ತೆಗೆಸಿದ್ದು. ಪಾಸ್‌ವರ್ಡ್ ಅವಳಿಗೆ ಗೊತ್ತಿತ್ತು ಮೇಡಂ. ಸಿಟ್ಟು ಇಟ್ಟುಕೊಂಡು ಹೊರಗಿಂದ ಏನಾದರೂ...”

“ಅವಳಲ್ಲ” ಎಂದರು ಮೇಷ್ಟ್ರು. ಅಷ್ಟು ಜೋರಾಗಿ ಅಂದದ್ದಕ್ಕೆ ತಾವೇ ಬೆಚ್ಚಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಇನ್ಸ್‌ಪೆಕ್ಟರ್ ಬಹಳ ನೋಡಿದ್ದರು. ಯಜಮಾನ ಎರಡೂ ಹೆಗಲು ಮುಟ್ಟಿಕೊಳ್ಳುತ್ತಿದ್ದ. ಮೇಷ್ಟ್ರು ಎಡಗೈಯಿಂದ ಬಲತೋಳನ್ನು ಹಿಸುಕಿಕೊಳ್ಳುತ್ತ ಗೋಡೆಯ ಗಡಿಯಾರ ನೋಡಿದರು. 3:30 ಆಗುತ್ತಲೇ ಬ್ಯಾಗು ಹೆಗಲಿಗೇರಿಸಿದರು.

“ಕಣ್ಣಿನ ಟ್ರೀಟ್‌ಮೆಂಟ್ ನಡೀತಿದೆ” ಎಂದು ಯಜಮಾನ ವಿವರಿಸಿದ. “ಮೂರು ವಾರದಿಂದ ದಿನಾ ಈ ಹೊತ್ತಿಗೆ ಹೋಗ್ತಾರೆ. ವರ್ಷಕ್ಕೊಂದು ರಜೆ ಹಾಕದ ಮನುಷ್ಯ, ಇಲ್ಲ ಅನ್ನೋಕೆ ಬಾಯಿ ಬರಲ್ಲ.”

ಹೊರಡುವಾಗ ಬಾಗಿಲ ಬಳಿ ಪ್ಯಾಕಿಂಗ್ ಮಾಡುವ ಅಮ್ಮ ಒಂದು ಮುದ್ರಿತ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬೋರ್ಡು ಕೂರಿಸಿದ ತಗಡಿನ ಪೆಟ್ಟಿಗೆಯೊಳಗೆ ಅಂಟಿಸುತ್ತಿದ್ದಳು. ಇನ್ಸ್‌ಪೆಕ್ಟರ್ ನಿಂತರು. “ಇದೇನು?”

“ಜಾತಕ ಕಣಮ್ಮಾ. ಬೋರ್ಡು ಹುಟ್ಟುವಾಗ ಕಂಪ್ಯೂಟರು ಏನೇನು ಮಾಡ್ತೋ ಎಲ್ಲ ಇದರಲ್ಲಿ ಇರುತ್ತಂತೆ. ಒಂದು ಪ್ರತಿ ಫೈಲಿಗೆ, ಒಂದು ಪೆಟ್ಟಿಗೆಗೆ. ಇದನ್ನ ಮಾಡಿದ್ದೇ ಮೇಷ್ಟ್ರು.”

ಇನ್ಸ್‌ಪೆಕ್ಟರ್ ಗಡಿಯಾರನ ಮುಖ ನೋಡಿದರು. ಗಡಿಯಾರನ ಬಾಯಿಂದ ತಾನಾಗಿ ಹೊರಟಿತು: “ನಾಲ್ಕನೇ ಐಟಂ.”

ಫೈಲಿನಲ್ಲಿ ಹುಡುಕಿಸಿದರು. ಆ ಬೋರ್ಡಿನ ಜಾತಕ ಇರಲಿಲ್ಲ. ಠಾಣೆಯ ಲಕೋಟೆಯಲ್ಲಿತ್ತು, ಆದರೆ ಅದನ್ನು ಓದಬಲ್ಲವರು ಠಾಣೆಯಲ್ಲಿ ಇರಲಿಲ್ಲ. ಕಾರ್ಖಾನೆಯವರಿಗೆ ತೋರಿಸಲು ಇನ್ಸ್‌ಪೆಕ್ಟರಿಗೆ ಮನಸ್ಸಾಗಲಿಲ್ಲ.

ಬುಧವಾರ ಬೆಳಿಗ್ಗೆ 9:30ಕ್ಕೆ ಅವರು ಮೊಬೈಲ್ ರಿಪೇರಿ ಅಂಗಡಿಯೊಂದರ ಮುಂದೆ ಇಳಿದರು. ಕೆಲಸ ಕಳೆದುಕೊಂಡ ಹುಡುಗಿ ಈಗ ಇಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಒಡೆದ ಗಾಜು ಬದಲಾಯಿಸುತ್ತಿದ್ದಳು. ಖಾಕಿ ಕಂಡದ್ದೇ ಅವಳ ಕೈಯಿಂದ ಚಿಮಟ ಬಿತ್ತು.

“ಆ ಕಾರ್ಖಾನೆಗೆ ಕೊನೆಗೆ ಹೋಗಿದ್ದು ಯಾವಾಗ?”

“ಹೊರಗೆ ಹಾಕಿದ ದಿನ.”

“ಯಾಕೆ ಹಾಕಿದರು?”

ಅವಳು ತಲೆ ತಗ್ಗಿಸಿದಳು. “ಚೀಟಿನ ಬೇರೆ ಸಾಲಲ್ಲಿ ಬರೆದಿದ್ದೆ. ಬೋರ್ಡು ಹೊರಗೆ ಹೋಗೋ ಮೊದಲೇ ಸಿಕ್ಕಿತು, ಯಾರಿಗೂ ಏನೂ ಆಗಲಿಲ್ಲ. ಮೇಷ್ಟ್ರು ಎಲ್ಲರನ್ನೂ ಸೇರಿಸಿದರು. ನನ್ನ ಕೈಲಿ ಆ ಸಾಲು ಮೂರು ಸಲ ಗಟ್ಟಿಯಾಗಿ ಓದಿಸಿದರು. ಈ ತಪ್ಪು ಮಾಡಿದ ಕೈ ಈ ಹಾಲಿನೊಳಗೆ ಬೇಡ ಅಂದರು.”

“ಯಾಕೆ ಹಾಗೆ ಬರೆದೆ?”

“ಎರಡು ಪರೀಕ್ಷೆ ಇತ್ತು ಮೇಡಂ. ಎರಡು ಸಲ ಬರೆಯೋಕೆ ಬೇಜಾರಾಯ್ತು. ಅಷ್ಟೇ.”

ಇನ್ಸ್‌ಪೆಕ್ಟರ್ ಕಾಗದ ಬಿಡಿಸಿ ಮುಂದಿಟ್ಟರು. ಹುಡುಗಿಯ ಬೆರಳು ಸಾಲುಗಳ ಮೇಲೆ ಇಳಿಯುತ್ತ ಬಂತು. ಹತ್ತನೇ ಸಾಲಿಗೆ ನಿಂತಿತು.

“ಇದು ನನ್ನ ತಪ್ಪೇ” ಎಂದಳು. “ನನ್ನದಲ್ಲ, ನಾನು ಮಾಡಿದಂಥದ್ದೇ. ನೋಡಿ, ಚೀಟಿ ಒಂದೇ ಸಾಲಲ್ಲಿ ಒಂಟಿಯಾಗಿದೆ, ಮುಂದೆ ಎಕ್ಸ್‌ಪೋರ್ಟ್ ಅಂತ ಇದೆ. ಅಂದರೆ ಪಟ್ಟಿ ಮುಗಿಯೋವರೆಗೂ ಚೀಟಿ ಜಾರಿಯಲ್ಲಿರುತ್ತೆ. ಹನ್ನೊಂದು, ಹನ್ನೆರಡನೇ ಸಾಲು ಪರೀಕ್ಷೆ. ಹದಿನೈದನೇ ಸಾಲಲ್ಲಿ ನಿಜವಾದ ಪ್ರೋಗ್ರಾಮು ತಯಾರಾಗಿದೆ. ಅದಕ್ಕೂ ಬಾಗಿಲು ನೋಡಬೇಡ ಅಂತಲೇ ಹೇಳಿದ ಹಾಗಾಯ್ತು.”

“ಪಾಸು ರದ್ದಾಗಲೇ ಇಲ್ಲ” ಎಂದ ಗಡಿಯಾರ ಮೆಲ್ಲಗೆ.

“ತಾರೀಕು ಐದು ವಾರದ ಹಿಂದಿನದು. ಈ ಮೂಲೆಯಲ್ಲಿ ನೋಡಿ, ಮೂರು ಬೈ ಏಳು.” ಅವಳು ತಲೆಯೆತ್ತಿದಳು. “ಏಳು ಬೋರ್ಡು ಮಾಡಿದ್ದಾರೆ. ಇದು ಮೂರನೇದು. ಉಳಿದ ಆರು ಎಲ್ಲಿವೆ ಮೇಡಂ?”

11:15ಕ್ಕೆ ಮತ್ತೆ ಕಾರ್ಖಾನೆ. ಮೇಷ್ಟ್ರು ಬಂದಿರಲಿಲ್ಲ, ಫೋನ್ ಸ್ವಿಚ್ ಆಫ್. ಬೋರ್ಡುಗಳು ಎಲ್ಲಿಗೆ ಹೋದವು ಎಂದು ಬರೆಯುವ ರಿಜಿಸ್ಟರಿನಲ್ಲಿ ಆ ವಾರದ ಹಾಳೆಯನ್ನು ಹೊಲಿಗೆಯವರೆಗೂ ನೀಟಾಗಿ ಹರಿದಿದ್ದರು. ಏಳು ಪೆಟ್ಟಿಗೆ ಕಟ್ಟಿದ್ದು ಪ್ಯಾಕಿಂಗ್ ಅಮ್ಮನಿಗೆ ಚೆನ್ನಾಗಿ ನೆನಪಿತ್ತು, ಏಳನೆಯದಕ್ಕೆ ಟೇಪು ಸಾಲದೆ ಬೈಸಿಕೊಂಡಿದ್ದಳು. ವಿಳಾಸ ಬರೆದವರು ಮೇಷ್ಟ್ರು.

ಯಜಮಾನ ಲಿಫ್ಟ್ ಕೂರಿಸುವ ಗುತ್ತಿಗೆದಾರರಿಗೆಲ್ಲ ಫೋನ್ ಹಚ್ಚಿದ. ಹದಿನೆಂಟು ಮಂದಿಯಲ್ಲಿ ಎತ್ತಿದವರು ಹನ್ನೊಂದು. ಒಂದು ಗಂಟೆಯೊಳಗೆ ಐದು ಲಿಫ್ಟ್ ಪತ್ತೆಯಾದವು, ಐದರಿಂದಲೂ ಒಂದೇ ಸುದ್ದಿ ಬಂತು. “ಅದನ್ನ ಒಂದು ಭಾನುವಾರ ಯಾರೋ ಸರ್ವಿಸಿನವರು ಬಂದು ಬದಲಾಯಿಸಿ ಹೋದರಲ್ಲ, ಕನ್ನಡಕದ ಹಿರಿಯರು.”

ಇನ್ಸ್‌ಪೆಕ್ಟರ್ ಬೆರಳು ಮಡಚಿದರು. ಐದು ಬದಲಾಗಿವೆ. ಆರನೆಯದು ಲಾಂಡ್ರಿಯವಳ ಕಾಲು ತಿಂದಿದೆ. ಏಳನೆಯದು ಈ ಹೊತ್ತಿನಲ್ಲಿ ಎಲ್ಲೋ ಜನರನ್ನು ಹತ್ತಿಸಿಕೊಳ್ಳುತ್ತಿದೆ. ಅದು ಎಲ್ಲಿದೆ ಎಂದು ಗೊತ್ತಿರುವುದು ಒಬ್ಬರಿಗೆ. ಊರ ತುಂಬ ಕಾಣುವ ಎತ್ತರದ ಕಟ್ಟಡಗಳೆಲ್ಲ ಅವರಿಗೆ ಆಗ ಭಯ ಹುಟ್ಟಿಸಿದವು.

3:20. ಮೇಷ್ಟ್ರ ಮನೆ ಎರಡು ಕೋಣೆಯದು. ಹೆಂಡತಿ ಹೊಲಿಗೆ ಯಂತ್ರದಿಂದ ಎದ್ದು ಬಂದರು.

“ಬೆಳಿಗ್ಗೆನೇ ಡಬ್ಬಿ ತಗೊಂಡು ಕೆಲಸಕ್ಕೆ ಹೋದರಲ್ಲ?”

“ಹೋಗಿಲ್ಲಮ್ಮ. ಕಣ್ಣಿಗೆ ಯಾವ ಡಾಕ್ಟರ ಹತ್ತಿರ ತೋರಿಸ್ತಿದ್ದಾರೆ?”

“ಕಣ್ಣಾ? ಅವರ ಕಣ್ಣಿಗೆ ಏನಾಗಿದೆ? ಈ ಸೂಜಿಗೆ ದಾರ ಪೋಣಿಸಿ ಕೊಟ್ಟು ಹೋಗಿದ್ದೇ ಅವರು.” ಆಕೆ ಯಂತ್ರದ ಮೇಲಿನ ಬಟ್ಟೆಯನ್ನು ಬದಿಗೆ ಸರಿಸಿದರು. “ನೋವು ಅಂದರೆ ಬಲಗೈದು. ಮೂರು ವಾರದಿಂದ ದಿನಾ ಎಣ್ಣೆ ಹಚ್ಚಿಸ್ಕೊಳ್ತಾರೆ. ಏನು ಎತ್ತಿದಿರಿ ಅಂದರೆ ಮಾತಾಡಲ್ಲ. ನಿದ್ದೆಯಲ್ಲಿ ‘ಕಾಲಿಡಬೇಡಿ, ಕಾಲಿಡಬೇಡಿ’ ಅಂತಾರೆ. ಏನು ಮಾಡಿದ್ದಾರೆ ನಮ್ಮನೆಯವರು? ಹೇಳಿಬಿಡಿ.”

ಇನ್ಸ್‌ಪೆಕ್ಟರ್ ಗೂಟದಲ್ಲಿದ್ದ ಅಂಗಿಯ ಜೇಬು ತಡಕಿದರು. ಹಳದಿ ಚೀಟಿಗಳ ಒಂದು ಕಂತೆ ಸಿಕ್ಕಿತು, ರಬ್ಬರ್ ಬ್ಯಾಂಡ್ ಹಾಕಿತ್ತು. ಕಣ್ಣಾಸ್ಪತ್ರೆಯ ಭೇಟಿಯ ಪಾಸುಗಳು, ಸಂಜೆ ನಾಲ್ಕರಿಂದ ಆರು, ಒಂದೊಂದಕ್ಕೂ ಒಂದೊಂದು ತಾರೀಕು. ಹತ್ತೊಂಬತ್ತು ಇದ್ದವು.

ಜೀಪಿನಿಂದಲೇ ಆಸ್ಪತ್ರೆಗೆ ಫೋನ್ ಮಾಡಿದರು. “ಲಿಫ್ಟ್ ನಿಲ್ಲಿಸಿ, ಈಗಲೇ.”

“ಲಿಖಿತವಾಗಿ ಕೊಡಿ ಮೇಡಂ. ಲಿಫ್ಟ್‌ಮ್ಯಾನು ನಾಲ್ಕಕ್ಕೆ ಮನೆಗೆ ಹೋಗ್ತಾನೆ, ಆಮೇಲೆ ಲಿಫ್ಟು ನೋಡೋರು ಯಾರೂ ಇಲ್ಲ” ಎಂದಿತು ಆ ಕಡೆಯ ದನಿ.

ಸೈರನ್ ಹಾಕಿದರೂ ದಾರಿ ಬಿಡುವವರಿರಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು ಹತ್ತುವ ಲಿಫ್ಟು! ತೆರೆದ ಬಾಗಿಲಿನ ಆಚೆ ನೆಲವಿದೆಯೋ ಗುಂಡಿಯಿದೆಯೋ ಅವರಿಗೆ ಹೇಗೆ ಗೊತ್ತಾಗಬೇಕು? ಇನ್ಸ್‌ಪೆಕ್ಟರ್ ಕೂತಲ್ಲೇ ಕಾಲಿನಿಂದ ಇಲ್ಲದ ಆಕ್ಸಿಲರೇಟರ್ ಒತ್ತುತ್ತಿದ್ದರು. ಗಡಿಯಾರ ಒಮ್ಮೆಯೂ ಸಮಯ ಹೇಳಲಿಲ್ಲ.

4:07ಕ್ಕೆ ಆಸ್ಪತ್ರೆಯ ನೆಲಮಹಡಿ. ಲಿಫ್ಟಿನ ಮುಂದೆ ಹತ್ತು ಹನ್ನೆರಡು ಜನ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ ಒಬ್ಬ ಅಜ್ಜ ಸೊಸೆಯ ಭುಜ ಹಿಡಿದು ನಿಂತಿದ್ದ. ಬಾಗಿಲ ಮೇಲಿನ ಅಂಕಿ ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಯುತ್ತಿತ್ತು. “ಯಾರೂ ಹತ್ತಬೇಡಿ, ಹಿಂದೆ ಸರೀರಿ” ಎಂದು ಕೂಗಿದ ಇನ್ಸ್‌ಪೆಕ್ಟರ ದನಿ ಅರ್ಧಕ್ಕೇ ನಿಂತಿತು.

ಬಾಗಿಲು ತೆರೆಯಿತು. ಒಳಗೆ ಮೇಷ್ಟ್ರು ನಿಂತಿದ್ದರು. ಬಲಗೈ ಬಾಗಿಲಿನ ಅಡ್ಡಕ್ಕೆ ಚಾಚಿತ್ತು. ಒಂದು ಕಾಲನ್ನು ಅವರು ಮೊದಲು ತಾವೇ ಹೊಸ್ತಿಲ ಮೇಲಿಟ್ಟು, ಲಿಫ್ಟು ಅಲ್ಲಾಡುವುದಿಲ್ಲ ಎಂದು ನಾಲ್ಕು ಎಣಿಸಿ ನೋಡಿ, ಆಮೇಲೆ ಕೈ ಎತ್ತಿದರು. ಒಳಗಿದ್ದ ಮೂವರು ಹೊರಗೆ ಬಂದರು.

“ಇವರು ಇರೋ ಹೊತ್ತಿಗೇ ಬರ್ತೀವಿ ನಾವು” ಎಂದಳು ಅಜ್ಜನ ಸೊಸೆ, ಪೊಲೀಸರನ್ನು ಕಂಡು ಗಾಬರಿಯಾಗಿ. “ಒಳ್ಳೆ ಅಟೆಂಡರು. ಏನು ಮಾಡಿದ್ರು ಇವರು?”

ಮೇಷ್ಟ್ರು ಇನ್ಸ್‌ಪೆಕ್ಟರನ್ನು ನೋಡಿದರು. ಓಡುವ ಯೋಚನೆ ಆ ಮುಖದಲ್ಲಿ ಇರಲಿಲ್ಲ. ಕೈ ಮತ್ತೆ ಅಡ್ಡಕ್ಕೆ ಬಂದಿತ್ತು.

“ಇದೇ ಏಳನೇದು” ಎಂದರು. “ಆಸ್ಪತ್ರೆಯವರು ಕಂಪನಿ ಪತ್ರ ಇಲ್ಲದೆ ಲಿಫ್ಟ್ ನಿಲ್ಲಿಸಲ್ಲ. ಪತ್ರ ಕೇಳಿದರೆ ಕಾರಣ ಹೇಳಬೇಕು.”

“ಹೊರಗೆ ಬನ್ನಿ.”

“ಮೊದಲು ಮೇಲೆ ಹೋಗಿ ಮೇನ್ ಸ್ವಿಚ್ ತೆಗೆಸಿ ಮೇಡಂ. ಅಲ್ಲಿವರೆಗೂ ನಾನು ಬರಲ್ಲ.”

ಗಡಿಯಾರ ಈ ವಯಸ್ಸಿನಲ್ಲಿ ಐದು ಮಹಡಿ ಮೆಟ್ಟಿಲು ಓಡಿದ. 4:16ಕ್ಕೆ ಲಿಫ್ಟಿನ ದೀಪ ಆರಿತು. ಆಗ ಮೇಷ್ಟ್ರು ಕೈ ಇಳಿಸಿದರು. ಅದು ನೆಟ್ಟಗೆ ಇಳಿಯಲಿಲ್ಲ; ಎಡಗೈಯಿಂದ ಹಿಡಿದು ಮಡಚಿಕೊಳ್ಳಬೇಕಾಯಿತು. ಇನ್ಸ್‌ಪೆಕ್ಟರ್ ಬಂಧನದ ಕಾರಣ ಓದಿ ಹೇಳಿದರು: ಅಪಾಯ ಗೊತ್ತಿದ್ದೂ ಮುಚ್ಚಿಟ್ಟದ್ದು, ಸಾಕ್ಷ್ಯ ನಾಶ. ಬೇಡಿ ಹಾಕಲು ಅವರಿಗೆ ಮನಸ್ಸು ಬರಲಿಲ್ಲ.

ಠಾಣೆಯಲ್ಲಿ 5:30ಕ್ಕೆ ಹೇಳಿಕೆ.

“ತಪ್ಪು ಯಾವಾಗ ಗೊತ್ತಾಯ್ತು?”

“ಮೂರು ವಾರದ ಹಿಂದೆ. ಬೇರೇನೋ ಹುಡುಕೋವಾಗ ಕಣ್ಣಿಗೆ ಬಿತ್ತು. ಆವತ್ತೇ ಸಾಲು ತಿದ್ದಿದೆ. ಫೈಲಿಂದ ಜಾತಕ ತೆಗೆದೆ, ಹಾಳೆ ಹರಿದೆ. ಭಾನುವಾರಕ್ಕೆ ಎರಡರಂತೆ ಬದಲಾಯಿಸ್ತಾ ಬಂದೆ. ಹೋದ ವಾರ ಒಂದೇ ಆಯ್ತು, ವಾಚ್‌ಮನ್ ಬಿಡಲಿಲ್ಲ. ಲಾಂಡ್ರಿ ಪಕ್ಕದ ಬಿಲ್ಡಿಂಗ್‌ದು ಬರೋ ಭಾನುವಾರಕ್ಕೆ ಇಟ್ಟುಕೊಂಡಿದ್ದೆ.” ಅವರು ತಲೆಯೆತ್ತಿದರು. “ಆಕೆಯ ಕಾಲು?”

“ಉಳಿದಿದೆ. ಮೊದಲಿನ ಹಾಗೆ ನಡೆಯೋಕೆ ಆಗಲ್ಲವಂತೆ.”

ಮೇಷ್ಟ್ರು ಮುಖ ಮುಚ್ಚಿಕೊಂಡರು.

“ಗೊತ್ತಾದ ದಿನವೇ ಒಂದು ಮಾತು ಹೇಳಿದ್ದರೆ ಏಳೂ ಲಿಫ್ಟು ಅವತ್ತೇ ನಿಲ್ಲುತ್ತಿದ್ದವು. ಯಾಕೆ ಹೇಳಲಿಲ್ಲ?”

“ಯಾರಿಗೆ ಹೇಳಲಿ? ಆ ಹಾಲಿನಲ್ಲಿ ಎಲ್ಲರೂ ಇದ್ದರು ಮೇಡಂ, ಆ ಮಗು ಮೂರು ಸಲ ಓದಿದಾಗ. ಈ ಕೈ ಇಲ್ಲಿ ಬೇಡ ಅಂದವನು ನಾನು. ಪ್ರತಿ ಬೆಳಿಗ್ಗೆ ಹೇಳಿಬಿಡ್ತೀನಿ ಅಂತಲೇ ಹೋಗ್ತಿದ್ದೆ. ಅವರ ಮುಖ ನೋಡಿದರೆ ನಾಲಿಗೆ ಏಳ್ತಿರಲಿಲ್ಲ.”

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಮಾನ ಉಳಿಸಿಕೊಳ್ಳಲು ಹೋಗಿ ಒಬ್ಬಳ ಕಾಲು ಊನವಾಗಿತ್ತು. ಇನ್ಸ್‌ಪೆಕ್ಟರಿಗೆ ಈ ಮನುಷ್ಯನ ಮೇಲೆ ಸಿಟ್ಟು ಬಂದಿತ್ತು, ಅಷ್ಟೇ ಮರುಕವೂ ಆಗಿತ್ತು. ಹೇಳಿಕೆಯಲ್ಲಿ ಎರಡಕ್ಕೂ ಜಾಗವಿರಲಿಲ್ಲ.

“ಕೊನೇ ಪ್ರಶ್ನೆ. ಮೂವತ್ತು ವರ್ಷ ಅದೇ ಸಾಲಲ್ಲಿ ಬರೆದವರು ಅವತ್ತು ಚೀಟಿನ ಯಾಕೆ ಬೇರೆ ಸಾಲಲ್ಲಿ ಬರೆದಿರಿ?”

ಮೇಷ್ಟ್ರು ತಮ್ಮ ಬಲಗೈಯನ್ನು ನೋಡಿಕೊಂಡರು.

“ಆ ಏಳು ಬೋರ್ಡಿಗೆ ಪಟ್ಟಿ ಹೊಸದಾಗಿ ಬರೆದೆ, ಎರಡು ಪರೀಕ್ಷೆ ಇತ್ತು” ಎಂದರು. “ಎರಡು ಸಲ ಬರೆಯೋಕೆ ಬೇಜಾರಾಯ್ತು. ಅಷ್ಟೇ.”

ಗಡಿಯಾರ ಬರೆಯುತ್ತಿದ್ದವನು ತಲೆಯೆತ್ತಿದ. ಬೆಳಿಗ್ಗೆ ಮೊಬೈಲ್ ಅಂಗಡಿಯಲ್ಲಿ ಬರೆದುಕೊಂಡ ಹುಡುಗಿಯ ಹೇಳಿಕೆ ಅದೇ ಡೈರಿಯಲ್ಲಿ, ನಾಲ್ಕು ಪುಟ ಹಿಂದೆ ಇತ್ತು. ಅವನು ಹಿಂದಕ್ಕೆ ತಿರುವಿ ಒಮ್ಮೆ ನೋಡಿದ, ಮತ್ತೆ ಮುಂದಕ್ಕೆ ಬಂದು, ಅದೇ ಮಾತನ್ನು ಒಂದಕ್ಷರ ಬದಲಿಸದೆ ಎರಡನೇ ಸಲ ಬರೆದ.